ಮನೋರೋಗದ ಮೊದಲ ವರ್ಷಗಳ ಕುರಿತು ಗದಗ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನನ್ನ ತಮ್ಮನಿಗೆ ಸ್ಕಿಝೋಫ್ರೇನಿಯಾ ಎಂಬ ಮನೋರೋಗ ಇದೆಯೆಂದು ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್‌ನಲ್ಲಿ ತಿಳಿದಾಗ ಅವನಿಗೆ 20 ವರ್ಷ. ಕಾಯಿಲೆ ಮೊದಲಾದದ್ದು ಮಾತ್ರ ಮುಂಡರಗಿ ತಾಲ್ಲೂಕಿನ ನಮ್ಮೂರಲ್ಲಿ, ಅವನು ಪಿಯುಸಿ ಓದುತ್ತಿದ್ದ 17ರ ವಯಸ್ಸಿನಲ್ಲಿ. ಮೊದಲು ನಿದ್ದೆ ಹೋಯಿತು, ಆಮೇಲೆ ಗೆಳೆಯರು ದೂರವಾದರು, ಕಡೆಗೆ ಕಟ್ಟೆಯ ಮೇಲೆ ಕುಳಿತವರೆಲ್ಲ ತನ್ನ ವಿಷಯವನ್ನೇ ಆಡಿಕೊಳ್ಳುತ್ತಾರೆಂದು ಊಟದ ತಾಟು ಹಿಡಿದು ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳತೊಡಗಿದ. ಅಪ್ಪ ಓದಿನ ಮೈಗಳ್ಳತನವೆಂದು ಬೈದರು, ಅವ್ವ ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸಿದಳು. ಅವರನ್ನು ನಾನು ದೂರುವುದಿಲ್ಲ. ಇವು ರೋಗದ ಲಕ್ಷಣಗಳೆಂದು ಹೇಳಬಲ್ಲವರು ಅವರಿಗೆ ಹತ್ತಿರದಲ್ಲಿ ಯಾರೂ ಇರಲಿಲ್ಲ.

ಇಂಥ ಕಾಯಿಲೆ ಒಂದೇ ರಾತ್ರಿಯಲ್ಲಿ ಬರುವುದು ಅಪರೂಪ. ವಂಶದಿಂದ ಬಂದ ಒಲವು, ಬಾಲ್ಯದ ಆಘಾತ, ಗಾಂಜಾ, ತಡೆಯಲಾಗದ ಒತ್ತಡ ಇವುಗಳಲ್ಲಿ ಕೆಲವು ಕೂಡಿಕೊಂಡು ತಿಂಗಳುಗಟ್ಟಲೆ, ಒಮ್ಮೊಮ್ಮೆ ವರ್ಷಗಟ್ಟಲೆ ಒಳಗೇ ಬೆಳೆದು, ಭ್ರಮೆಯೂ ಕಿವಿಯಲ್ಲಿನ ದನಿಗಳೂ ಆಮೇಲೆ ಕಾಣಿಸಿಕೊಳ್ಳುತ್ತವೆ. ಮಾನಸಿಕ ಕಾಯಿಲೆಗಳಲ್ಲಿ ಸುಮಾರು ಮೂರನೇ ಒಂದು ಭಾಗ 14ನೇ ವಯಸ್ಸಿನೊಳಗೇ, ಅರ್ಧದಷ್ಟು 18ರೊಳಗೇ ಮೊದಲಾಗುತ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಸ್ಕಿಝೋಫ್ರೇನಿಯಾದಂಥ ಕಾಯಿಲೆಯಲ್ಲಿ ಚಿಕಿತ್ಸೆ ತಡವಾದಷ್ಟೂ ಚೇತರಿಕೆ ಕಷ್ಟವಾಗುತ್ತದೆ. ನಾವು ಮೂರು ವರ್ಷ ಕಳೆದುಕೊಂಡೆವು.

ಗುಳಿಗೆಯಿಂದ ತಮ್ಮ ಮತ್ತೆ ಹೊಲಕ್ಕೆ ಹೋಗುವಷ್ಟು ಸುಧಾರಿಸಿದ. ಅಷ್ಟರಲ್ಲಿ ಹತ್ತಿರದ ಒಂದು ಸರಕಾರಿ ಆಸ್ಪತ್ರೆಯಲ್ಲಿ ಎರಡು ತಿಂಗಳು ಆ ಗುಳಿಗೆ ಬರಲಿಲ್ಲ; ಗದಗ, ಹುಬ್ಬಳ್ಳಿಗಳಲ್ಲಿ ಬಸ್ಸು ಬದಲಿಸಿ ಧಾರವಾಡ ಮುಟ್ಟಲು ಒಂದು ದಿನದ ಕೂಲಿಯೂ ಬಸ್ ಚಾರ್ಜೂ ಬೇಕು. ಕಾಯಿಲೆ ಮರುಕಳಿಸಿತು, ಮತ್ತು ಈ ಸಲ ಅವನು ಮೊದಲಿನಷ್ಟು ಹಿಂದಿರುಗಿ ಬಂದಿಲ್ಲ. ಬಿಪಿ, ಶುಗರ್ ಗುಳಿಗೆಗಳಂತೆ ಇವನ್ನೂ ತಪ್ಪಿಸಬಾರದೆಂಬುದು ಜನರಿಗಿಂತ ಮೊದಲು ಉಗ್ರಾಣಗಳಿಗೆ ಗೊತ್ತಿರಬೇಕು.

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಮು, ಅಗತ್ಯ ಔಷಧ ಪಟ್ಟಿಯಲ್ಲಿರುವ ಮಾನಸಿಕ ಕಾಯಿಲೆಯ ಔಷಧಗಳು ಸಮುದಾಯ ಆರೋಗ್ಯ ಕೇಂದ್ರದಿಂದ ಮೇಲಿನ ಸರಕಾರಿ ಆಸ್ಪತ್ರೆಗಳಲ್ಲಿ ಸದಾಕಾಲ ಉಚಿತವಾಗಿ ಸಿಗಬೇಕೆನ್ನುತ್ತದೆ. ಆದ್ದರಿಂದ ನಾನು ಕೇಳುತ್ತಿರುವುದು ದಯೆಯಲ್ಲ. ಜಿಲ್ಲೆಯ ಕೆಲಸಗಳನ್ನು ಪರಿಶೀಲಿಸುವ ಮುಂದಿನ ಕೆಡಿಪಿ ಸಭೆಯಲ್ಲಿ ಜಿಲ್ಲಾ ಆರೋಗ್ಯಾಧಿಕಾರಿಗಳನ್ನು ತಾವು ಕೇಳಬೇಕು: ಕಳೆದ ಆರು ತಿಂಗಳಲ್ಲಿ ಯಾವ ಆಸ್ಪತ್ರೆಯಲ್ಲಿ ಯಾವ ಗುಳಿಗೆ ಎಷ್ಟು ದಿನ ಇರಲಿಲ್ಲ? ಪಿಯು ಉಪನ್ಯಾಸಕರಿಗೂ ಆಶಾ ಕಾರ್ಯಕರ್ತೆಯರಿಗೂ ಮೊದಲ ಲಕ್ಷಣ ಗುರುತಿಸುವ ತರಬೇತಿ ಕೊಡಿಸಿ, ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಪ್ರತಿ ಕಾಲೇಜಿನ ಗೋಡೆಯ ಮೇಲೆ ಬರೆಸಬೇಕೆಂದೂ ವಿನಂತಿಸುತ್ತೇನೆ.

ತಮ್ಮ ವಿಶ್ವಾಸಿ,
ಮುಂಡರಗಿ ತಾಲ್ಲೂಕಿನ ಒಬ್ಬ ಅಕ್ಕ