ಸ್ವಂತ ಮನೆಯ ತಾರಸಿಗೆ ಸೋಲಾರ್ ಹಾಕಲು ಬಿಡದ ಬಡಾವಣೆ ಸಂಘದ ವಿರುದ್ಧ ನಿವಾಸಿಗಳ ಮನವಿ

ಗೆ,
ಮಾನ್ಯ ಜಿಲ್ಲಾ ಸಂಘಗಳ ನೋಂದಣಾಧಿಕಾರಿಗಳು

ವಿಷಯ: ತಾರಸಿ ಸೋಲಾರ್‌ಗೆ ನಿವಾಸಿಗಳ ಸಂಘ ಒಡ್ಡಿರುವ ಅಡ್ಡಿ ಹಾಗೂ ಸಂಘದ ಕಾರ್ಯವೈಖರಿ ಕುರಿತು ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರ ಕಲಂ 25ರಡಿ ವಿಚಾರಣೆ ನಡೆಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಕೆಳಗೆ ಸಹಿ ಮಾಡಿರುವ ಮನೆ ಮಾಲೀಕರಾದ ನಾವು ತಮ್ಮಲ್ಲಿ ವಿನಂತಿಸುವುದೇನೆಂದರೆ, ಇದೇ ವಿಷಯದಲ್ಲಿ ಹಿಂದೆ ಕೊಟ್ಟ ಅರ್ಜಿಗಳು ಏನಾದವೆಂದು ಮೊದಲು ತಿಳಿಸಬೇಕು. ಇದುವರೆಗೆ ಒಂದಕ್ಕೂ ಹಿಂಬರಹ ಬಂದಿಲ್ಲ.

ಕಳೆದ ವರ್ಷ ಯುಗಾದಿಗೆ ಮುಂಚೆ ಸಂಘದ ಕಾರ್ಯದರ್ಶಿಗೆ ಬರೆದೆವು. ಕಮಿಟಿ ಮುಂದೆ ಇಡುತ್ತೇವೆ ಎಂದರು. ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ವಿಚಾರಿಸಿದವರನ್ನು ಗ್ರೂಪಿನಿಂದಲೇ ತೆಗೆದರು. ವಾರ್ಷಿಕ ಮಹಾಸಭೆಯಲ್ಲಿ ಕೇಳೋಣವೆಂದರೆ ಸಭೆಯನ್ನೇ ಕರೆಯಲಿಲ್ಲ. ಕೊನೆಗೆ ತಮ್ಮ ಕಚೇರಿಗೆ ಬಂದೆವು. ಟಪಾಲಿನಲ್ಲಿ ಮೊಹರು ಒತ್ತಿ ಕೊಟ್ಟರು, ಅಷ್ಟೇ. ವಿಷಯ ನಿರ್ವಾಹಕರು ಮೊದಲು ರಜೆ, ಆಮೇಲೆ ಚುನಾವಣಾ ಕೆಲಸ, ಆಮೇಲೆ ವರ್ಗಾವಣೆ. ಹೊಸದಾಗಿ ಬಂದವರು ಕಡತ ಸಿಗುತ್ತಿಲ್ಲ, ಇನ್ನೊಂದು ಪ್ರತಿ ಕೊಡಿ ಎಂದರು. ಕೊಟ್ಟೆವು, ಅದೂ ಸಿಗುತ್ತಿಲ್ಲವಂತೆ. ಮಾಹಿತಿ ಹಕ್ಕಿನಡಿ ಕೇಳಿದ್ದಕ್ಕೆ 'ಪರಿಶೀಲನೆಯಲ್ಲಿದೆ' ಎಂಬ ಒಂದೇ ಸಾಲಿನ ಉತ್ತರ. ಸಿಗದ ಕಡತವನ್ನು ಯಾರು, ಎಲ್ಲಿ ಕೂತು ಪರಿಶೀಲಿಸುತ್ತಿದ್ದಾರೆ ಸ್ವಾಮಿ?

ಈ ನಡುವೆ ಆದದ್ದನ್ನು ಕೇಳಿ. ನಮ್ಮಲ್ಲೊಬ್ಬರು ನಿವೃತ್ತ ಶಿಕ್ಷಕಿ. ಅವರ ಮನೆಗೆ ಪ್ಯಾನಲ್ ತಂದ ಟೆಂಪೊವನ್ನು ಗೇಟಿನಲ್ಲೇ ತಡೆದರು. ಸೆಕ್ಯುರಿಟಿಯವನು "ಮೇಡಂ, ಒಳಗೆ ಬಿಟ್ಟರೆ ನನ್ನ ಕೆಲಸ ಹೋಗುತ್ತೆ" ಎಂದು ಕೈಮುಗಿದ. ಡ್ರೈವರ್ ಕಾದು ಕಾದು ಫುಟ್‌ಪಾತ್ ಮೇಲೆ ಇಳಿಸಿ ಹೋದ. ಸುರಿಯುವ ಮಳೆಯಲ್ಲಿ ಅಕ್ಕಪಕ್ಕದವರೇ ಸೇರಿ ಒಂದೊಂದಾಗಿ ಹೊತ್ತು ತಂದೆವು. ಇವತ್ತಿಗೂ ಅವು ಅವರ ಕಾರ್ ಶೆಡ್ಡಿನಲ್ಲಿ ನೀಲಿ ಟಾರ್ಪಾಲಿನಡಿ ಗೋಡೆಗೆ ಒರಗಿವೆ. ಒಂದರ ಗಾಜು ಮೂಲೆಯಲ್ಲಿ ಸೀಳಿದೆ. ಬ್ಯಾಂಕ್ ಸಾಲದ ಕಂತು ಮಾತ್ರ ತಪ್ಪದೆ ಅವರ ಪಿಂಚಣಿ ಖಾತೆಯಿಂದ ಕಡಿತವಾಗುತ್ತಿದೆ. ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ ಸಿಗುವ 78,000 ರೂಪಾಯಿ ಸಬ್ಸಿಡಿ ಘಟಕ ಚಾಲೂ ಆದ ಮೇಲಷ್ಟೇ ಖಾತೆಗೆ ಬೀಳುವುದು. ಯೋಜನೆ ಇರುವುದೇ 2026-27ರವರೆಗೆ. ಅದು ತಪ್ಪಿದರೆ ಆ ದುಡ್ಡು ಯಾರು ಕಟ್ಟಿಕೊಡುತ್ತಾರೆ?

ಮನೆ ನಮ್ಮದು, ಖಾತೆ ನಮ್ಮ ಹೆಸರಿನಲ್ಲಿ, ವಿದ್ಯುತ್ ಸಂಪರ್ಕದ ಆರ್.ಆರ್. ನಂಬರ್ ನಮ್ಮದು. 10 ಕಿಲೋವ್ಯಾಟ್‌ವರೆಗಿನ ಅರ್ಜಿಗೆ ತಾಂತ್ರಿಕ ಅಧ್ಯಯನವೂ ಬೇಡ, ಅದು ಅಂಗೀಕಾರವಾದಂತೆಯೇ ಎಂದು 2024ರ ಫೆಬ್ರವರಿಯಲ್ಲಿ ತಿದ್ದುಪಡಿಯಾದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮ ಹೇಳುತ್ತದೆ. ಸರ್ಕಾರವೇ ಬೇಡವೆಂದ ಅನುಮತಿಯನ್ನು ಸಂಘ ಕೇಳುತ್ತಿದೆ. ಕಾರಣ? "ಎಲಿವೇಶನ್ ಹಾಳಾಗುತ್ತದೆ." ಇದೇ ಪದಾಧಿಕಾರಿಗಳ ತಾರಸಿಗಳ ಮೇಲೆ ಸೋಲಾರ್ ವಾಟರ್ ಹೀಟರಿನ ಡ್ರಮ್ಮುಗಳು, ಸಿಂಟೆಕ್ಸ್ ಟ್ಯಾಂಕ್‌ಗಳು ರಸ್ತೆಗೆ ಕಾಣುವಂತೆಯೇ ಇವೆ. ಅವುಗಳಿಂದ ಹಾಳಾಗದ ಅಂದ ಪ್ಯಾನಲ್‌ನಿಂದ ಹಾಳಾಗುತ್ತದೆಯೇ?

ಹಿಂಭಾಗದಲ್ಲಿ, ಮೆಟ್ಟಿಲ ಹೆಡ್‌ರೂಮಿನ ಹಿಂದೆ ಹಾಕಿಕೊಳ್ಳಿ ಎಂದು ಬಾಯಿಮಾತಿನಲ್ಲಿ ಒಂದು ರಾಜಿಸೂತ್ರ ಹೇಳಿದರು. ನಮ್ಮ ಸಾಲಿನ ಮನೆಗಳಿಗೆ ಅದು ಉತ್ತರ ದಿಕ್ಕು. ನಮ್ಮಲ್ಲಿ ಪ್ಯಾನಲ್ ದಕ್ಷಿಣಕ್ಕೆ ಮುಖ ಮಾಡಿರಬೇಕು. ಕಿಲೋವ್ಯಾಟಿಗೆ ಸುಮಾರು 100 ಚದರ ಅಡಿ ನೆರಳಿಲ್ಲದ ಜಾಗ ಬೇಕು. ಒಂದು ಪ್ಯಾನಲ್ ಮೇಲೆ ನೆರಳು ಬಿದ್ದರೆ ಅದರ ಜೊತೆ ಜೋಡಿಸಿದ ಸಾಲಿನದ್ದೂ ಉತ್ಪಾದನೆ ಕುಸಿಯುತ್ತದೆ. ಹೆಡ್‌ರೂಮಿನ ಹಿಂದೆ ಹಾಕುವುದೂ ಒಂದೇ, ಹಾಕದಿರುವುದೂ ಒಂದೇ. ಮಾತೆತ್ತಿದರೆ ಅಮೆರಿಕದ ಕಾಲೋನಿಗಳ ಶಿಸ್ತು ನೋಡಿ ಎನ್ನುವವರಿಗೆ ಒಂದು ಮಾತು: ಅಲ್ಲಿನ ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲೇ ಸೌರ ಹಕ್ಕು ಕಾಯ್ದೆ ಬಂದಿದೆ. ಸಂಘದ ಷರತ್ತಿನಿಂದ ಪ್ಯಾನಲ್‌ನ ಸಾಮರ್ಥ್ಯ ಶೇ. 10ಕ್ಕಿಂತ ಹೆಚ್ಚು ಕುಗ್ಗುವಂತಿದ್ದರೆ ಆ ಷರತ್ತು ಇಂದು ಅಲ್ಲಿ ನಿಲ್ಲುವುದಿಲ್ಲ.

ಇಷ್ಟಕ್ಕೂ ಸಂಘದ ಅನುಮತಿಯಿಲ್ಲದೆ ಪ್ಯಾನಲ್ ಹಾಕಬಾರದೆಂಬ ಆ ನಿಯಮ ಸಂಘದ ಬೈಲಾದಲ್ಲೇ ಇಲ್ಲ. ನೋಟಿಸ್ ಬೋರ್ಡಿಗೆ ಅಂಟಿಸಿದ ಒಂದು ಹಾಳೆ, ಅಷ್ಟೇ. ಮಹಾಸಭೆ ಒಪ್ಪದ, ತಮ್ಮಲ್ಲಿ ನೋಂದಣಿಯಾಗದ ಹಾಳೆಗೆ ದಂಡ ಹಾಕುವ ಅಧಿಕಾರ ಎಲ್ಲಿಂದ ಬಂತು? ದಂಡ ಕಟ್ಟದವರ ಮನೆಯ ನೀರಿನ ವಾಲ್ವ್ ತಿರುಗಿಸುತ್ತೇವೆ ಎಂದು ಹೆದರಿಸುತ್ತಿದ್ದಾರೆ.

ಮೆಂಟೆನೆನ್ಸ್ ಏರುತ್ತಲೇ ಇದೆ, ಲೆಕ್ಕಪತ್ರ ತೋರಿಸಿದವರಿಲ್ಲ. ಕರೆಂಟ್ ಹೋದಾಗಲೆಲ್ಲ ಜನರೇಟರಿನ ಡೀಸೆಲ್ ಖರ್ಚು ನಮ್ಮ ತಲೆಗೆ. ಮಳೆನೀರು ಇಂಗುಗುಂಡಿಗೆ ಮಣ್ಣು ಮುಚ್ಚಿ ಪಾರ್ಕಿಂಗ್ ಮಾಡಿದರು, ಬೇಸಿಗೆ ಬಂದರೆ ಟ್ಯಾಂಕರ್ ನೀರಿಗೆ ದುಡ್ಡು ಕೇಳುತ್ತಾರೆ. ಕೊಳಚೆ ನೀರು ಶುದ್ಧೀಕರಿಸುವ ಎಸ್‌ಟಿಪಿಯ ವಾಸನೆಗೆ ಕೊನೆಯ ಸಾಲಿನವರು ಕಿಟಕಿ ತೆರೆದು ಎಷ್ಟು ಕಾಲವಾಯಿತೋ. ಇದ್ಯಾವುದೂ ಕಮಿಟಿಯ ಕಣ್ಣಿಗೆ ಬೀಳುವುದಿಲ್ಲ. ತಾರಸಿಯ ಪ್ಯಾನಲ್ ಮಾತ್ರ ಚುಚ್ಚುತ್ತದೆ.

ಮೂರನೇ ಒಂದು ಭಾಗಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ಕೋರಿದರೆ ತಾವು ವಿಚಾರಣೆ ನಡೆಸಲೇಬೇಕೆಂದು ಕಲಂ 25 ಹೇಳುತ್ತದೆ. ಲಗತ್ತಿಸಿರುವ ಸಹಿಗಳು ಅದನ್ನು ದಾಟಿವೆ. ಆದ್ದರಿಂದ ನಾವು ದಯೆ ಬೇಡುತ್ತಿಲ್ಲ, ತಮ್ಮ ಕರ್ತವ್ಯ ಮಾಡಿ ಎನ್ನುತ್ತಿದ್ದೇವೆ. ವಿಚಾರಣೆಯ ದಿನಾಂಕ ಗೊತ್ತುಮಾಡಿ, ಸಂಘದ ಲೆಕ್ಕಪತ್ರ ಮತ್ತು ನಡಾವಳಿ ಪುಸ್ತಕ ತರಿಸಿಕೊಳ್ಳಿ. ವಿಚಾರಣೆ ಮುಗಿಯುವವರೆಗೆ ಆ ಹಾಳೆಯ ಹೆಸರಿನಲ್ಲಿ ಯಾರ ಟೆಂಪೊವನ್ನೂ ತಡೆಯದಂತೆ, ಯಾರ ನೀರನ್ನೂ ನಿಲ್ಲಿಸದಂತೆ ಲಿಖಿತ ಸೂಚನೆ ಕೊಡಿ. ಹಿಂಬರಹ ಕೈಗೆ ಸಿಗುವವರೆಗೆ ಪ್ರತಿ ಸೋಮವಾರ ತಮ್ಮ ಕಚೇರಿ ಬಾಗಿಲಲ್ಲಿ ಕೂರುತ್ತೇವೆ. ಅದಕ್ಕೂ ಬಗ್ಗದಿದ್ದರೆ ಹೈಕೋರ್ಟಿನಲ್ಲಿ ರಿಟ್ ಹಾಕುತ್ತೇವೆ. ಪ್ರತಿವಾದಿಗಳಲ್ಲಿ ಸಂಘದ ಜೊತೆ ತಮ್ಮ ಕಚೇರಿಯೂ ಇರುತ್ತದೆ.

ವಂದನೆಗಳೊಂದಿಗೆ,

ಇಂತಿ ತಮ್ಮ ವಿಶ್ವಾಸಿಗಳು,
ಬಡಾವಣೆಯ ನೊಂದ ಮನೆ ಮಾಲೀಕರು
(ಸಹಿಗಳ ಹಾಳೆಗಳು ಲಗತ್ತಿಸಿವೆ)