ಹೆಗ್ಡೆಯವರ ಸೈಟೇಶನ್ ಕೊಡುವ ಮೊದಲು: ಜಡ್ಜ್ ಆಗಲಿರುವ ಮಗಳಿಗೆ ದೊಡ್ಡಪ್ಪನ ಪತ್ರ

ಚಿ. ಪುಟ್ಟಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಉಭಯ ಕುಶಲೋಪರಿ.

ಸಿವಿಲ್ ಜಡ್ಜ್ ಆಯ್ಕೆ ಪಟ್ಟಿಯಲ್ಲಿ ನಿನ್ನ ಹೆಸರು ಬಂದದ್ದು ಕೇಳಿ ಮನೆಯಲ್ಲಿ ಹಬ್ಬವೇ ಆಯಿತು. ನಿನ್ನ ದೊಡ್ಡಮ್ಮ ಕೇರಿಯವರಿಗೆಲ್ಲ ಹೇಳಿಕೊಂಡು ಬಂದಳು. ಆದರೆ ಅವತ್ತು ರಾತ್ರಿ ನೀನು ಕಳಿಸಿದ ಮೆಸೇಜಿನ ಕೊನೆಯ ಸಾಲು ನನ್ನ ತಲೆಯಲ್ಲೇ ಕೂತಿದೆ. 'ಒಂದಷ್ಟು ವರ್ಷ ಜಡ್ಜ್ ಆಗಿದ್ದು, ಹೆಸರು ಮಾಡಿಕೊಂಡು, ಆಮೇಲೆ ಎಲೆಕ್ಷನ್ನಿಗೆ ನಿಲ್ತೀನಿ ದೊಡ್ಡಪ್ಪ. ನಮ್ಮ ಕಾರ್ಕಳದ ಕೆ.ಎಸ್. ಹೆಗ್ಡೆಯವರೂ ಹಾಗೇ ಹೋದದ್ದು ಅಲ್ವಾ?' ಅಂತ ಬರೆದಿದ್ದೀಯ. ಇದು ಫೋನಿನಲ್ಲಿ ಹೇಳಿ ಮುಗಿಸುವ ವಿಷಯ ಅಲ್ಲ. ಅದಕ್ಕೇ ಈ ಕಾಗದ.

ರಾಜಕೀಯಕ್ಕೆ ಹೋಗಬೇಡ ಅಂತ ನಾನು ಹೇಳುವುದಿಲ್ಲ. ಕಾಲೇಜಿನ ದಿನಗಳಿಂದ ಪಕ್ಷದ ಕೆಲಸ ಮಾಡಿದವಳು ನೀನು, ಆ ಆಸೆ ಇರುವುದು ಸಹಜ, ಒಳ್ಳೆಯ ಆಸೆಯೇ. ನನ್ನ ತಕರಾರು ನೀನು ಕೊಟ್ಟ ಸೈಟೇಶನ್ ಬಗ್ಗೆ, ಅಂದರೆ ನಿನ್ನ ವಾದಕ್ಕೆ ಆಧಾರ ಅಂತ ಹೆಗ್ಡೆಯವರ ಹೆಸರು ಎತ್ತಿದ್ದರ ಬಗ್ಗೆ. ತೀರ್ಪಿನ ಮೇಲೆ ಅಚ್ಚಾಗಿರುವ ಸಾರಾಂಶ, ಆ ಹೆಡ್‌ನೋಟ್ ಮಾತ್ರ ಓದಿ ಸೈಟೇಶನ್ ಕೊಡುವ ವಕೀಲರನ್ನು ನೀನೇ ನೋಡಿದ್ದೀಯ. ಎದುರು ಪಕ್ಷದವರು ಎದ್ದುನಿಂತು 'ಆ ಕೇಸಿನ ಸಂಗತಿಯೇ ಬೇರೆ ಸ್ವಾಮಿ' ಅಂದರೆ ಮುಗಿಯಿತು. ಹೆಗ್ಡೆಯವರ ಬದುಕಿನ ಹೆಡ್‌ನೋಟ್ ಮಾತ್ರ ನೀನು ಓದಿದ ಹಾಗಿದೆ.

ಹೆಡ್‌ನೋಟ್ ಇಷ್ಟು. ಕೌಡೂರು ಸದಾನಂದ ಹೆಗ್ಡೆ ಹುಟ್ಟಿದ್ದು 1909ರಲ್ಲಿ, ಕಾರ್ಕಳ ತಾಲೂಕಿನ ಕೌಡೂರಿನಲ್ಲಿ. ಮದರಾಸಿನಲ್ಲಿ ಕಾನೂನು ಓದಿ ವಕೀಲರಾದರು. 1952ರಲ್ಲಿ ಕಾಂಗ್ರೆಸ್ಸಿನಿಂದ ರಾಜ್ಯಸಭೆಗೆ ಹೋದರು. ಆಗ ನಮ್ಮ ಜಿಲ್ಲೆ ಮದರಾಸು ರಾಜ್ಯಕ್ಕೆ ಸೇರಿತ್ತು, ಹಾಗಾಗಿ ಅಲ್ಲಿಯ ಸದಸ್ಯರು. 1957ರಲ್ಲಿ ಮೈಸೂರು ಹೈಕೋರ್ಟಿನ ಜಡ್ಜ್. 1966ರಲ್ಲಿ ದೆಹಲಿ ಹೈಕೋರ್ಟಿನ ಮೊದಲ ಮುಖ್ಯ ನ್ಯಾಯಮೂರ್ತಿ. ಮರುವರ್ಷ ಸುಪ್ರೀಂ ಕೋರ್ಟ್. 1973ರಲ್ಲಿ ರಾಜೀನಾಮೆ. 1977ರಲ್ಲಿ ಬೆಂಗಳೂರು ದಕ್ಷಿಣದಿಂದ ಲೋಕಸಭೆಗೆ ಗೆದ್ದು, ಅದೇ ಜುಲೈನಲ್ಲಿ ಸ್ಪೀಕರ್. 1990ರಲ್ಲಿ ತೀರಿಕೊಂಡರು. ಈಗಿನ ಹುಡುಗರಿಗೆ ಅವರ ಹೆಸರು ನಿಟ್ಟೆಯ ಕಾಲೇಜುಗಳಿಂದ, ದೇರಳಕಟ್ಟೆಯ ಕ್ಷೇಮ ಆಸ್ಪತ್ರೆಯಿಂದ ಗೊತ್ತು, ಅಷ್ಟೇ.

ಇನ್ನು ಸಂಗತಿಗೆ ಬರೋಣ. ಅವರ ಬದುಕನ್ನು ಅಳೆಯುವುದಕ್ಕೆ ಅವರೇ ಒಂದು ಅಳತೆಗೋಲು ಬರೆದಿಟ್ಟು ಹೋಗಿದ್ದಾರೆ. 1969ರ ಕ್ರೈಪಾಕ್ ಕೇಸಿನ ತೀರ್ಪು. ಪರೀಕ್ಷೆಗೆ ಅಂತ ನೀನು ಅದನ್ನು ಬಾಯಿಪಾಠ ಮಾಡಿರಬಹುದು. ಈಗ ಜಡ್ಜ್ ಆಗಿ ಓದಬೇಕು.

ಜಮ್ಮು ಕಾಶ್ಮೀರದ ಅರಣ್ಯ ಇಲಾಖೆಯ ಅಧಿಕಾರಿಗಳನ್ನು ಭಾರತೀಯ ಅರಣ್ಯ ಸೇವೆಗೆ ಆರಿಸಬೇಕಿತ್ತು. ಆಯ್ಕೆ ಮಂಡಳಿಯಲ್ಲಿ ಆ ರಾಜ್ಯದ ಹಂಗಾಮಿ ಮುಖ್ಯ ಅರಣ್ಯ ಸಂರಕ್ಷಣಾಧಿಕಾರಿಯೂ ಕೂತಿದ್ದರು. ಅವರೇ ಒಬ್ಬ ಅಭ್ಯರ್ಥಿಯೂ ಹೌದು. ತಮ್ಮ ಹೆಸರು ಬಂದಾಗ ಅವರು ಚರ್ಚೆಯಲ್ಲಿ ಭಾಗವಹಿಸಲಿಲ್ಲ. ಆದರೆ ತಮ್ಮ ಪ್ರತಿಸ್ಪರ್ಧಿಗಳ ಹೆಸರು ಬಂದಾಗ ಮಾತಾಡಿದರು. ಯಾರು ಮೇಲೆ, ಯಾರು ಕೆಳಗೆ ಅಂತ ಪಟ್ಟಿ ಮಾಡುವಾಗಲೂ ಇದ್ದರು. ಪಟ್ಟಿ ಹೊರಬಿದ್ದಾಗ ಅವರ ಹೆಸರೇ ಮೊದಲು. ಬಡ್ತಿಯಲ್ಲಿ ಅವರು ಹಿಂದೆ ಹಾಕಿ ಬಂದಿದ್ದ ಅಧಿಕಾರಿಗಳ ಹೆಸರೇ ಇಲ್ಲ.

ಮಂಡಳಿಯ ಉಳಿದವರೆಲ್ಲ ದೊಡ್ಡ ಅಧಿಕಾರಿಗಳು. ಆ ಮನುಷ್ಯನ ಮಾತು ಅವರ ಮೇಲೆ ಏನೂ ಪರಿಣಾಮ ಮಾಡಲಿಲ್ಲ ಅಂತ ಸರ್ಕಾರ ವಾದ ಮಾಡಿತು. ಐವರು ಜಡ್ಜುಗಳ ಪರವಾಗಿ ತೀರ್ಪು ಬರೆದ ಹೆಗ್ಡೆಯವರು ಅದನ್ನು ಒಪ್ಪಲಿಲ್ಲ. ಆತ ಪಕ್ಷಪಾತ ಮಾಡಿದನೇ ಇಲ್ಲವೇ ಅನ್ನುವುದು ಪ್ರಶ್ನೆಯಲ್ಲ, ಒಬ್ಬನ ಮನಸ್ಸಿನೊಳಗೆ ಏನಿತ್ತು ಅಂತ ತೋರಿಸುವುದು ಕಷ್ಟ, ಪಕ್ಷಪಾತ ಆಗಿರಬಹುದು ಅಂತ ನಂಬಲು ನ್ಯಾಯವಾದ ಕಾರಣ ಇದೆಯೇ ಅಂತ ಮಾತ್ರ ನೋಡಬೇಕು ಅಂದರು. ಇಡೀ ಆಯ್ಕೆಯೇ ಬಿದ್ದುಹೋಯಿತು.

ಈ ಅಳತೆಗೋಲನ್ನು ಬರೆದವರ ಮೇಲೇ ಇಟ್ಟು ನೋಡೋಣ.

ಮೊದಲು 1957. ಸಂಸತ್ತಿನಲ್ಲಿ ಆಳುವ ಪಕ್ಷದ ಸದಸ್ಯರಾಗಿದ್ದವರು ಅಲ್ಲಿಂದ ನೇರ ಹೈಕೋರ್ಟಿನ ಬೆಂಚಿಗೆ ಬಂದರು. ಮೇಲ್ನೋಟಕ್ಕೆ ಇದು ಅನುಮಾನ ಹುಟ್ಟಿಸುವ ಸಂಗತಿಯೇ, ಅವರ ಮೇಲಿನ ಅಭಿಮಾನದಿಂದ ನಾವು ಅದನ್ನು ಮುಚ್ಚಿಡಬಾರದು. ಆ ಅನುಮಾನಕ್ಕೆ ಅವರು ಬಾಯಿಂದ ಉತ್ತರ ಕೊಡಲಿಲ್ಲ. 1970ರಲ್ಲಿ ಬ್ಯಾಂಕ್ ರಾಷ್ಟ್ರೀಕರಣದ ಕಾಯ್ದೆ ಬಿದ್ದಾಗ ಅದನ್ನು ಬೀಳಿಸಿದ ಬಹುಮತದಲ್ಲಿ ಅವರಿದ್ದರು. ಅದೇ ವರ್ಷ ಕೊನೆಗೆ ಹಳೆಯ ಸಂಸ್ಥಾನಗಳ ರಾಜರಿಗೆ ಸರ್ಕಾರ ಕೊಡುತ್ತಿದ್ದ ರಾಜಧನ ರದ್ದು ಮಾಡಿದ ಆದೇಶ ಬಿದ್ದಾಗಲೂ ಇದ್ದರು. ಎರಡೂ ತಾವು ಹಿಂದೆ ಇದ್ದ ಪಕ್ಷದಿಂದಲೇ ಪ್ರಧಾನಿಯಾದ ಇಂದಿರಾ ಗಾಂಧಿಯವರ ಸರ್ಕಾರದ ದೊಡ್ಡ ಕಾರ್ಯಕ್ರಮಗಳು. ಆ ತೀರ್ಪುಗಳು ಬಡವರಿಗೆ ಒಳ್ಳೆಯದು ಮಾಡಿದವೋ ಇಲ್ಲವೋ ಅಂತ ಇವತ್ತಿಗೂ ವಾದ ಮಾಡಬಹುದು, ನನಗೂ ನನ್ನ ಅಭಿಪ್ರಾಯ ಇದೆ. ಆದರೆ ಹಳೆಯ ಪಕ್ಷದ ಋಣ ತೀರಿಸಿದರು ಅಂತ ಮಾತ್ರ ಯಾರೂ ಹೇಳಲಾರರು.

ಆಮೇಲೆ ಕೇಶವಾನಂದ ಭಾರತಿ ಕೇಸು. ಅರ್ಜಿದಾರರು ನಮ್ಮ ಪಕ್ಕದ ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು. 13 ಜಡ್ಜುಗಳು, 68 ದಿನಗಳ ವಿಚಾರಣೆ. 1973ರ ಏಪ್ರಿಲ್ 24ರಂದು 7-6ರಲ್ಲಿ ತೀರ್ಪು ಬಂತು: ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವ ಹಾಗಿಲ್ಲ. ಹೆಗ್ಡೆಯವರು ಆ ಏಳರಲ್ಲಿ ಒಬ್ಬರು. ಒಂದು ಓಟು ಆಚೆ ಹೋಗಿದ್ದರೆ ಇವತ್ತಿನ ಸಂವಿಧಾನ ಹೇಗಿರುತ್ತಿತ್ತೋ. ಮರುದಿನವೇ ಸರ್ಕಾರ ಹೊಸ ಮುಖ್ಯ ನ್ಯಾಯಮೂರ್ತಿಯನ್ನು ಪ್ರಕಟಿಸಿತು. ಶೆಲತ್, ಹೆಗ್ಡೆ, ಗ್ರೋವರ್ ಮೂವರನ್ನೂ ದಾಟಿ ಎ.ಎನ್. ರೇ. ನಾನು ಹೇಳಿದ ಮೂರೂ ಕೇಸುಗಳಲ್ಲಿ ಸರ್ಕಾರದ ಕಡೆಗೆ ಬರೆದವರು ರೇ. ಮೂವರು ಹಿರಿಯರೂ ರಾಜೀನಾಮೆ ಕೊಟ್ಟರು.

ಹಿರಿತನದ ಲೆಕ್ಕ ನಡೆದಿದ್ದರೆ ಶೆಲತ್ ನಿವೃತ್ತರಾದ ಮೇಲೆ ಹೆಗ್ಡೆಯವರ ಸರದಿ. 1974ರ ಜೂನಿನಲ್ಲಿ 65 ತುಂಬುವವರೆಗೆ ಅವರು ಭಾರತದ ಮುಖ್ಯ ನ್ಯಾಯಮೂರ್ತಿ. ಕೌಡೂರಿನ ಹುಡುಗನಿಗೆ ಅದಕ್ಕಿಂತ ಎತ್ತರದ ಕುರ್ಚಿ ಇತ್ತೇ? ಆಗ ನಾನು ಲಾ ಓದುತ್ತಿದ್ದೆ. ಹಾಸ್ಟೆಲಿನಲ್ಲಿ ಪೇಪರ್ ಹಿಡಿದುಕೊಂಡು ನಾವು ಹುಡುಗರು ರಾತ್ರಿಯಿಡೀ ಅದನ್ನೇ ಮಾತಾಡಿದೆವು.

ಇಲ್ಲಿ ನೋಡು ಪುಟ್ಟಿ. ಅವರು ಬರೆದ ತೀರ್ಪಿನಿಂದ ಅವರಿಗೆ ಸಿಕ್ಕಿದ್ದೇನೂ ಇಲ್ಲ, ಕೈಗೆ ಬರಬೇಕಿದ್ದೂ ಹೋಯಿತು. ಮುಂದೆ ಅವರು ನಿಂತ ಜನತಾ ಪಕ್ಷ 1973ರಲ್ಲಿ ಹುಟ್ಟಿರಲೇ ಇಲ್ಲ. ನಡುವೆ ನಾಲ್ಕು ವರ್ಷ, ಒಂದು ತುರ್ತು ಪರಿಸ್ಥಿತಿ ಕಳೆದುಹೋಯಿತು. ಆಮೇಲೂ ಯಾರೋ ಕರೆದು ಕೊಟ್ಟ ಸೀಟಿನಲ್ಲಿ ಅವರು ಹೋಗಿ ಕೂರಲಿಲ್ಲ. ಬೆಂಗಳೂರು ದಕ್ಷಿಣದಲ್ಲಿ ಮಾಜಿ ಮುಖ್ಯಮಂತ್ರಿ ಕೆಂಗಲ್ ಹನುಮಂತಯ್ಯನವರ ಎದುರು ನಿಂತು ಓಟು ಕೇಳಿದರು. ಆ ವರ್ಷ ಉತ್ತರದಲ್ಲಿ ಜನತಾ ಅಲೆ, ಕರ್ನಾಟಕದಲ್ಲಿ ಅದರ ಸುಳಿವೂ ಇರಲಿಲ್ಲ. 28ರಲ್ಲಿ 26 ಸೀಟು ಕಾಂಗ್ರೆಸ್ಸಿಗೆ. ಉಳಿದ ಎರಡರಲ್ಲಿ ಒಂದು ಇವರದು. ಈಗ ಕ್ರೈಪಾಕ್ ಪ್ರಶ್ನೆ ಕೇಳು: 1977ರ ಸೀಟಿಗಾಗಿ 1973ರ ತೀರ್ಪು ಬರೆದಿರಬಹುದು ಅಂತ ನಂಬಲು ಕಾರಣ ಇದೆಯೇ? ಇಲ್ಲ.

ಇಷ್ಟಾದರೂ ಅವರು ಪೂರ್ತಿ ತಪ್ಪಿಸಿಕೊಳ್ಳಲಿಲ್ಲ. ನೀನು ಗಮನಿಸಬೇಕಾದ್ದು ಇದನ್ನೇ. ಮೂವರನ್ನು ದಾಟಿದ್ದು ಸರಿ ಅಂತ 1973ರಲ್ಲಿ ಸಂಸತ್ತಿನಲ್ಲಿ ವಾದಿಸಿದವರು ಮಂತ್ರಿ ಮೋಹನ್ ಕುಮಾರಮಂಗಲಂ. ಜಡ್ಜಿನ ದೃಷ್ಟಿಕೋನ ಏನು ಅಂತ ಸರ್ಕಾರ ನೋಡಬಹುದು ಅನ್ನುವುದು ಅವರ ನಿಲುವು. ಹೆಗ್ಡೆಯವರು ಚುನಾವಣೆಗೆ ನಿಂತ ಮೇಲೆ ಆ ನಿಲುವಿನವರಿಗೆ ಒಂದು ಮಾತು ಸಿಕ್ಕಿತು: 'ನೋಡಿ, ಮನುಷ್ಯ ಮೊದಲಿಂದಲೂ ರಾಜಕಾರಣಿಯೇ.' ನನ್ನ ಮಟ್ಟಿಗೆ ಅದು ಅನ್ಯಾಯದ ಮಾತು. ಆದರೆ ಆ ಮಾತು ಹುಟ್ಟುವುದನ್ನು ತಡೆಯಲು ಅವರಂಥವರಿಗೂ ಆಗಲಿಲ್ಲ.

1978ರ ಡಿಸೆಂಬರ್ ಇನ್ನೂ ಕಷ್ಟದ್ದು. ಚಿಕ್ಕಮಗಳೂರಿನಿಂದ ಗೆದ್ದು ಬಂದ ಇಂದಿರಾ ಗಾಂಧಿಯವರನ್ನು ಹಕ್ಕುಚ್ಯುತಿ ಅಂತ ಲೋಕಸಭೆ ಹೊರಗೆ ಹಾಕಿತು, ಅಧಿವೇಶನ ಮುಗಿಯುವವರೆಗೆ ಜೈಲಿಗೂ ಕಳಿಸಿತು. ತೀರ್ಮಾನ ಸದನದ್ದು, ಸ್ಪೀಕರ್ ಅವರದಲ್ಲ. ಆದರೆ ಕುರ್ಚಿಯಲ್ಲಿ ಕೂತಿದ್ದವರು ಆಕೆಯ ಸರ್ಕಾರವೇ ದಾಟಿ ಹೋಗಿದ್ದ ಜಡ್ಜ್. ಅವರು ನ್ಯಾಯವಾಗಿಯೇ ನಡೆದುಕೊಂಡರು ಅಂತ ನಾನು ನಂಬುತ್ತೇನೆ. ಆದರೆ ಕ್ರೈಪಾಕ್ ಕೇಳುವ ಪ್ರಶ್ನೆ ಅದಲ್ಲವಲ್ಲ. 1981ರಲ್ಲಿ ಮುಂದಿನ ಲೋಕಸಭೆ ಆ ನಿರ್ಣಯವನ್ನೇ ರದ್ದು ಮಾಡಿತು.

ಈಚಿನವರನ್ನೂ ನೋಡು. ಬಹರುಲ್ ಇಸ್ಲಾಂ 1983ರಲ್ಲಿ ಸುಪ್ರೀಂ ಕೋರ್ಟ್ ಬಿಟ್ಟು ಕಾಂಗ್ರೆಸ್ಸಿನಿಂದ ಮತ್ತೆ ರಾಜ್ಯಸಭೆಗೆ ಹೋದರು. ರಂಜನ್ ಗೊಗೋಯ್ ನಿವೃತ್ತರಾಗಿ ನಾಲ್ಕು ತಿಂಗಳಿಗೆ ರಾಜ್ಯಸಭೆಗೆ ನಾಮಕರಣಗೊಂಡರು. ಕಲ್ಕತ್ತಾ ಹೈಕೋರ್ಟಿನ ಅಭಿಜಿತ್ ಗಂಗೋಪಾಧ್ಯಾಯ 2024ರ ಮಾರ್ಚಿನಲ್ಲಿ ರಾಜೀನಾಮೆ ಕೊಟ್ಟು ಅದೇ ವಾರ ಬಿಜೆಪಿ ಸೇರಿ, ತಮ್ಲುಕ್‌ನಿಂದ ಸಂಸದರಾದರು. ಯಾರೂ ಕಾನೂನು ಮುರಿಯಲಿಲ್ಲ. ನಿವೃತ್ತ ಸುಪ್ರೀಂ ಕೋರ್ಟ್ ಜಡ್ಜ್ ಕೋರ್ಟಿನಲ್ಲಿ ವಾದ ಮಾಡುವಂತಿಲ್ಲ ಅನ್ನುವ ಸಂವಿಧಾನ, ಓಟಿಗೆ ನಿಲ್ಲುವುದಕ್ಕೆ ಒಂದು ದಿನವೂ ಕಾಯಬೇಕು ಅನ್ನುವುದಿಲ್ಲ. ಅವರು ಪಕ್ಷಪಾತ ಮಾಡಿದರು ಅಂತ ನಾನೂ ಹೇಳುವುದಿಲ್ಲ. ಆದರೆ ಅವರ ಮುಂದೆ ಸೋತ ಕಕ್ಷಿದಾರ ಪೇಪರಿನಲ್ಲಿ ಆ ಸುದ್ದಿ ಓದುವಾಗ ಏನು ಅಂದುಕೊಂಡಿರುತ್ತಾನೆ, ಯೋಚನೆ ಮಾಡು.

ಈಗ ನಿನ್ನ ಸಾಲಿಗೆ ಬರ್ತೀನಿ. 'ಹೆಸರು ಮಾಡಿಕೊಂಡು ಆಮೇಲೆ' ಅಂತ ಬರೆದಿದ್ದೀಯಲ್ಲ, ನನಗೆ ಹೆದರಿಕೆಯಾದದ್ದು ಅದಕ್ಕೇ. ಹೆಗ್ಡೆಯವರು ಮುಂದಿನ ಚುನಾವಣೆ ಮನಸ್ಸಿನಲ್ಲಿಟ್ಟುಕೊಂಡು ಬೆಂಚಿನಲ್ಲಿ ಕೂತಿರಲಿಲ್ಲ. ನೀನು ಮಾತ್ರ ಹಾಗೆ ಕೂರಲು ಹೊರಟಿದ್ದೀಯ. ನಾಳೆ ಯಾವುದೋ ತಾಲೂಕಿನಲ್ಲಿ ಸಂಜೆ ಹೊತ್ತು ಒಂದು ತುರ್ತು ಅರ್ಜಿ ಬರುತ್ತದೆ. ಪುರಸಭೆಯವರು ಮಾರನೇ ದಿನ ಅಂಗಡಿ ಸಾಲು ಕೆಡವುತ್ತಾರೆ, ತಡೆಯಾಜ್ಞೆ ಬೇಕು. ವರಾಂಡದಲ್ಲಿ ಅಂಗಡಿಯವರು, ಅವರ ಹೆಂಡತಿ ಮಕ್ಕಳು. ದಾಖಲೆ ನೋಡಿದರೆ ಜಾಗ ಪುರಸಭೆಯದ್ದೇ. ಅಲ್ಲಿ ನಿಂತಿರುವ ಅಷ್ಟೂ ಜನ ನಿನ್ನ ಕಣ್ಣಿಗೆ ಕಕ್ಷಿದಾರರಾಗಿ ಕಾಣಬೇಕು. ಎಂದೋ ಬರುವ ಓಟಾಗಿ ಒಂದು ಕ್ಷಣ ಕಂಡರೂ ಆ ಆದೇಶ ನಿನ್ನದಾಗಿ ಉಳಿಯುವುದಿಲ್ಲ. ಕೊಟ್ಟದ್ದು ಸರಿಯಾದ ಆದೇಶವೇ ಆಗಿದ್ದರೂ ನಿನಗೇ ನಂಬಿಕೆ ಬರುವುದಿಲ್ಲ.

ಹಾಗಾಗಿ ಎರಡರಲ್ಲಿ ಒಂದನ್ನು ಈಗಲೇ ಆರಿಸಿಕೋ. ಚುನಾವಣೆಯೇ ಬೇಕು ಅಂದರೆ ಸೇರುವುದೇ ಬೇಡ, ವಕಾಲತ್ತು ಮಾಡಿಕೊಂಡು ಪಕ್ಷದಲ್ಲೇ ಇರು. ಅದರಲ್ಲಿ ನಾಚಿಕೆಯದೇನೂ ಇಲ್ಲ. ನಿನ್ನ ಅಪ್ಪನಿಗೆ ನಾನು ಹೇಳ್ತೀನಿ. ಜಡ್ಜ್ ಕೆಲಸ ಬೇಕು ಅಂದರೆ ಆ ಆಸೆಯನ್ನು ಆಮೇಲೆ ನೋಡೋಣ ಅಂತ ಎತ್ತಿಡಬೇಡ, ಬಿಟ್ಟುಬಿಡು. ಎಂದೋ ಒಂದು ದಿನ ಕೆಲಸ ಬಿಟ್ಟು, ವರ್ಷಗಳು ಕಳೆದು, ದೇಶಕ್ಕೆ ಏನೋ ಆಗಿ, ಜನ ಕರೆದರೆ ಅದು ಬೇರೆ ಮಾತು.

ಸೇರುತ್ತೀಯ ಅಂತಾದರೆ ಪಕ್ಷದ ಸದಸ್ಯತ್ವ ಬಿಟ್ಟದ್ದನ್ನು ಬರಹದಲ್ಲಿ ಕೊಟ್ಟು, ಅದರ ಒಂದು ಪ್ರತಿ ಇಟ್ಟುಕೋ. ಪಕ್ಷದ ವಾಟ್ಸಾಪ್ ಗ್ರೂಪುಗಳಿಂದ ಸುಮ್ನೆ ಮ್ಯೂಟ್ ಮಾಡಿ ಕೂರಬೇಡ, ಹೊರಗೆ ಬಾ. ಹಳೆಯ ಗೆಳೆಯರ ಮನೆ ಮದುವೆಗೆ ಹೋಗಬಹುದು, ಆದರೆ ಅವರು ನಿನ್ನ ಕೋರ್ಟಿನ ವ್ಯಾಪ್ತಿಯಲ್ಲಿ ಇದ್ದರೆ ಜಾಸ್ತಿ ಓಡಾಟ ಬೇಡ. ಅವರ ಕೇಸು ನಿನ್ನ ಮುಂದೆ ಬಂದರೆ ಸಂಬಂಧ ಬರೆದು ತಿಳಿಸಿ, ಬೇರೆ ಕೋರ್ಟಿಗೆ ವರ್ಗ ಮಾಡಿ ಅಂತ ಪ್ರಧಾನ ಜಿಲ್ಲಾ ನ್ಯಾಯಾಧೀಶರನ್ನು ಕೇಳಿಕೋ. ಆ ಅರಣ್ಯಾಧಿಕಾರಿಯ ಹಾಗೆ ಅರ್ಧಕ್ಕೆ ಪಕ್ಕಕ್ಕೆ ಸರಿಯಬೇಡ. ಗೆಳೆಯನ ಕೇಸು ಬಿಟ್ಟು, ಅವನ ಎದುರಾಳಿಯ ಇನ್ನೊಂದು ಕೇಸು ಇಟ್ಟುಕೊಂಡರೆ ಅದೇ ಕಥೆಯಾಯಿತು.

ಕ್ರೈಪಾಕ್ ತೀರ್ಪು ಎಐಆರ್ (ಆಲ್ ಇಂಡಿಯಾ ರಿಪೋರ್ಟರ್ ಅನ್ನುವ ತೀರ್ಪುಗಳ ಸಂಪುಟ) 1970, ಸುಪ್ರೀಂ ಕೋರ್ಟ್, ಪುಟ 150ರಲ್ಲಿದೆ. ಮೊಬೈಲಿನಲ್ಲಿ ಬೇಡ, ಬಾರ್ ಲೈಬ್ರರಿಯಲ್ಲಿ ಕೂತು ಪೂರ್ತಿ ಓದು. ಓದಿದ ಮೇಲೆ ಏನು ಮಾಡಬೇಕು ಅಂತ ಅನ್ನಿಸಿತೋ ಅದನ್ನು ನನಗೆ ಫೋನ್ ಮಾಡಿ ಹೇಳು, ನ್ಯಾಯಾಂಗ ಅಕಾಡೆಮಿಯ ತರಬೇತಿಗೆ ಹೊರಡುವ ಮೊದಲು. ಯಾವ ಕಡೆ ಹೋದರೂ ನನ್ನ ಬೆಂಬಲ ಇದೆ.

ಬಿಪಿ ಮಾತ್ರೆ ತಪ್ಪಿಸಬೇಡ ಅಂತ ಅಪ್ಪನಿಗೆ ಹೇಳು. ಅಮ್ಮನಿಗೂ ನನ್ನ ನೆನಪು ತಿಳಿಸು.

ಇಂತಿ ನಿನ್ನ ಪ್ರೀತಿಯ,
ದೊಡ್ಡಪ್ಪ