ಕಣ್ಣಿನ ಅಲರ್ಜಿ: ಲೇಬಲ್ ಓದಿ ಹನಿ ಹಾಕಿ

ಮಾನ್ಯ ಸಂಪಾದಕರೇ,

ಕಾಂಗ್ರೆಸ್ ಗಿಡದ ಪರಾಗವೋ ರಸ್ತೆ ದೂಳೋ ತಾಗಿ ಕಣ್ಣು ತುರಿಸಿದರೆ ಮೆಡಿಕಲ್ ಶಾಪ್‌ಗೆ ಹೋಗಿ ‘ಕಣ್ಣಿಗೆ ಒಂದು ಡ್ರಾಪ್ಸ್ ಕೊಡಿ’ ಎನ್ನುವುದು ರೂಢಿ. ಎಡವಟ್ಟಾಗುವುದು ಇಲ್ಲೇ. ಬೇಕಾದದ್ದು ಓಲೋಪಟಡೀನ್, ಕೀಟೋಟಿಫೆನ್‌ನಂಥ ಆಂಟಿಹಿಸ್ಟಮಿನ್, ಅಂದರೆ ಅಲರ್ಜಿಯ ತುರಿಕೆ ತಡೆಯುವ ಔಷಧಿ. ಕೈಗೆ ಬರುವುದು ಕೆಲವೊಮ್ಮೆ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್. ತುರಿಕೆ ಬೇಗ ಅಡಗುತ್ತದೆ ನಿಜ; ವೈದ್ಯರ ನಿಗಾ ಇಲ್ಲದೆ ವಾರಗಟ್ಟಲೆ ಹಾಕಿದರೆ ಕಣ್ಣಿನೊಳಗಿನ ಒತ್ತಡ ಏರಿ ದೃಷ್ಟಿನರ ಹಾಳಾಗುವ ಗ್ಲಾಕೋಮಾ ಆಗಬಹುದು, ಪೊರೆಯೂ ಬರಬಹುದು. ಲೇಬಲ್ ಓದಿಯೇ ದುಡ್ಡು ಕೊಡಿ.

0.1% ಓಲೋಪಟಡೀನ್ ಆದರೆ ಸಾಮಾನ್ಯವಾಗಿ ದಿನಕ್ಕೆ ಎರಡು ಸಲ, ಒಂದೊಂದೇ ಹನಿ. ಹೆಚ್ಚು ಹಾಕಿದರೆ ಕೆನ್ನೆಗೆ ಹರಿಯುತ್ತದೆ, ಅಷ್ಟೇ. ಕೈ ತೊಳೆದು, ಕೆಳರೆಪ್ಪೆ ಎಳೆದು, ಅಲ್ಲಾಗುವ ಜೋಳಿಗೆಗೆ ಬಿಡಿ. ಬಾಟಲಿಯ ತುದಿ ರೆಪ್ಪೆಗೆ ತಾಗಿದರೆ ಔಷಧಿಯೊಳಗೆ ರೋಗಾಣು ಸೇರಬಹುದು. ಆಮೇಲೆ ಕಣ್ಣು ಮುಚ್ಚಿ, ಮೂಗಿನ ಪಕ್ಕದ ಮೂಲೆಯನ್ನು ಒಂದೆರಡು ನಿಮಿಷ ಒತ್ತಿಹಿಡಿಯಿರಿ. ಇಲ್ಲವಾದರೆ ಔಷಧಿ ಗಂಟಲಿಗಿಳಿದು ಬಾಯಿ ಕಹಿಯಾಗಬಹುದು.

ಕಾಂಟ್ಯಾಕ್ಟ್ ಲೆನ್ಸ್ ತೆಗೆದೇ ಹನಿ ಹಾಕಬೇಕು, ಮತ್ತೆ ಹಾಕಿಕೊಳ್ಳಲು 15 ನಿಮಿಷ ಕಾಯಬೇಕು. ಹನಿಯಲ್ಲಿರುವ ಬೆಂಜಾಲ್ಕೋನಿಯಂ ಎಂಬ ಸಂರಕ್ಷಕವನ್ನು ಮೆದು ಲೆನ್ಸ್ ಹೀರಿಕೊಳ್ಳುತ್ತದೆ. ಕಣ್ಣು ಕೆಂಪಗಿದ್ದರೆ ಲೆನ್ಸೇ ಬೇಡ. ತೆರೆದ ದಿನಾಂಕವನ್ನು ಬಾಟಲಿಯ ಮೇಲೆ ಬರೆದು, ನಾಲ್ಕು ವಾರವಾದ ಮೇಲೆ ಎಸೆಯಿರಿ, ಅರ್ಧ ಉಳಿದಿದ್ದರೂ. ನೋವು, ಮಂಜು, ಕೀವು ಕಂಡರೆ ಅದು ಬರೀ ಅಲರ್ಜಿಯಲ್ಲ. ನೇತ್ರ ವೈದ್ಯರಿಗೆ ತೋರಿಸಿ.

– ಓದುಗರೊಬ್ಬರು, ದಾವಣಗೆರೆ